ವಾಲ್ಪರೈಸೊ ಹಾಸ್ಟೆಲ್: ಬಾಡಿಗೆಗಿಂತ ಮೊದಲು ಮೆಟ್ಟಿಲು ನೋಡಿ

ಚಿಲಿ ದೇಶದ ಬಂದರು ನಗರ ವಾಲ್ಪರೈಸೊದಲ್ಲಿ ಅಗ್ಗದ ಹಾಸ್ಟೆಲ್‌ಗಳಿಗೆ ಬರವಿಲ್ಲ. ಬೆಂಗಳೂರಿನಲ್ಲಿ ಕೂತು ಬುಕ್ ಮಾಡುವವರು ಕಡಿಮೆ ಬಾಡಿಗೆಯದ್ದನ್ನು ಪಟ್ಟಿಯ ಮೇಲಕ್ಕೆ ತಂದುಕೊಂಡು, ಅಂಕ ಎಂಟರ ಮೇಲಿದ್ದರೆ ಒತ್ತಿಬಿಡುತ್ತಾರೆ. ಬೇರೆ ಊರಿಗೆ ಈ ಲೆಕ್ಕ ಸಾಕು, ಇಲ್ಲಿಗೆ ಸಾಲದು. ಈ ಊರೆಂದರೆ ಸಮುದ್ರದಂಚಿನ ಒಂದು ಕಿರಿದಾದ ಸಮತಟ್ಟು ಪಟ್ಟಿ ಮತ್ತು ಅದರ ಬೆನ್ನಿಗೇ ಎದ್ದು ನಿಂತ ನಲವತ್ತಕ್ಕೂ ಹೆಚ್ಚು ಗುಡ್ಡಗಳು. ನಿದ್ದೆ, ರಾತ್ರಿ ಓಡಾಟದ ಧೈರ್ಯ, ಟ್ಯಾಕ್ಸಿ ಖರ್ಚು, ಬ್ಯಾಗು ಹೊರುವ ಕಷ್ಟ, ಎಲ್ಲವೂ ಹಾಸ್ಟೆಲ್ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ನಿಂತಿವೆ.

ತೀರ್ಪು ಮೊದಲೇ ಹೇಳಿಬಿಡೋಣ. ಸೆರ್ರೊ ಅಲೆಗ್ರೆ, ಸೆರ್ರೊ ಕೊನ್ಸೆಪ್ಸಿಯೊನ್ ಗುಡ್ಡಗಳ ಕೆಳ ಅರ್ಧದಲ್ಲಿರುವ ಹಾಸ್ಟೆಲ್‌ಗಳಿಗೆ ಐದಕ್ಕೆ ನಾಲ್ಕು. ಬೆಲ್ಯಾವಿಸ್ತಾ ಗುಡ್ಡದ ಕೆಳಭಾಗಕ್ಕೆ ಮೂರೂವರೆ. ಬಸ್ ನಿಲ್ದಾಣದ ಸುತ್ತಮುತ್ತಲಿನವಕ್ಕೆ ಎರಡು, ಅದೂ ಬೆಳಗಿನ ಜಾವದ ಬಸ್ಸು ಹಿಡಿಯುವವರಿಗೆ ಮಾತ್ರ. ಮೊಣಕಾಲು ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಈ ಊರಿನ ಹಾಸ್ಟೆಲ್ ಬೇಡವೇ ಬೇಡ. ಪಕ್ಕದ ಊರು ವಿನ್ಯಾ ದೆಲ್ ಮಾರ್‌ನ ನಡುಭಾಗ ಸಮತಟ್ಟು, ಅಲ್ಲಿ ಕೋಣೆ ಹಿಡಿದು ಲೋಕಲ್ ರೈಲಿನಲ್ಲಿ ಬಂದು ಹೋಗಬಹುದು.

ಎತ್ತರದ ಲೆಕ್ಕ

ಕೆಳಗಿನ ಸಮತಟ್ಟಿಗೆ ಅಲ್ಲಿನವರು ‘ಎಲ್ ಪ್ಲಾನ್’ ಅನ್ನುತ್ತಾರೆ. ಸುಮಾರು 100 ಮೀಟರ್ ಎತ್ತರದಲ್ಲಿ ಗುಡ್ಡಗಳನ್ನೆಲ್ಲ ಬಳಸಿಕೊಂಡು ಅವೆನೀದಾ ಅಲೆಮಾನಿಯಾ ಎಂಬ ರಸ್ತೆ ಹೋಗುತ್ತದೆ. ಇವೆರಡರ ನಡುವೆ ಬೇಕಾದ ಜಾಗ ಹುಡುಕುವುದೇ ಕೆಲಸ. ಮ್ಯಾಪ್‌ನಲ್ಲಿ ‘ನಡೆದು 6 ನಿಮಿಷ’ ಎಂದು ತೋರಿಸಿದರೆ ನಂಬಬೇಡಿ. ಟೆರೇನ್ ಲೇಯರ್ ಹಾಕಿ ಎತ್ತರ ನೋಡಿ. ಮಹಡಿಗೆ 3 ಮೀಟರ್ ಹಿಡಿದರೆ 60 ಮೀಟರ್ ಎಂದರೆ ಲಿಫ್ಟ್ ಇಲ್ಲದ 20 ಮಹಡಿ. ಅದನ್ನು ದಿನಕ್ಕೆ ಎರಡು ಸಲ, ನೀರು ತರಕಾರಿ ಹೊತ್ತು ಹತ್ತಬೇಕು. ಸಮತಟ್ಟಿನಿಂದ 30-40 ಮೀಟರ್ ಎತ್ತರದೊಳಗೆ ಇದ್ದರೆ ಆರಾಮ.

‘ಅಸೆನ್ಸೋರ್ ಇದೆಯಲ್ಲ’ ಅಂತ ಹಾಸ್ಟೆಲ್‌ನವರು ಹೇಳುತ್ತಾರೆ. ಇಳಿಜಾರಿನ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಪುಟ್ಟ ಗಾಡಿ ಇದು. ಮೊದಲನೆಯದು 1883ರಲ್ಲಿ ಕೊನ್ಸೆಪ್ಸಿಯೊನ್ ಗುಡ್ಡಕ್ಕೆ ಬಂತು. ಒಂದು ಕಾಲದಲ್ಲಿ ಊರಲ್ಲಿ ಸುಮಾರು 30 ಇದ್ದವು. ಈಗ ಓಡುವವು ಕೆಲವೇ, ಅವೂ ದುರಸ್ತಿಗೆಂದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾಗಿಲು ಹಾಕುತ್ತವೆ. ತಡರಾತ್ರಿ ಯಾವುದೂ ಇಲ್ಲ. ಹಾಗಾಗಿ ಬುಕ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆ ‘ಹತ್ತಿರದಲ್ಲಿ ಅಸೆನ್ಸೋರ್ ಇದೆಯಾ’ ಅಲ್ಲ, ‘ಈ ವಾರ ಓಡ್ತಾ ಇದೆಯಾ, ರಾತ್ರಿ ಎಷ್ಟರವರೆಗೆ’. ಇನ್ನೊಂದು ಪ್ರಶ್ನೆ: ‘ಬಾಗಿಲವರೆಗೆ ಕಾರು ಬರುತ್ತದಾ?’ ಹಲವು ಮನೆಗಳು ಮೆಟ್ಟಿಲ ದಾರಿಯಲ್ಲಿವೆ, ಟ್ಯಾಕ್ಸಿ ಹತ್ತಿರದ ತಿರುವಿನಲ್ಲೇ ಇಳಿಸಿಬಿಡುತ್ತದೆ. ಚಕ್ರದ ಸೂಟ್‌ಕೇಸ್ ತರಬೇಡಿ. ಕಲ್ಲುಹಾಸಿನ ಏರಿನಲ್ಲಿ ಚಕ್ರದ ಅಚ್ಚು ಮುರಿಯುತ್ತದೆ. ಬೆನ್ನಿಗೆ ಹಾಕುವ ಬ್ಯಾಗೇ ಸರಿ.

ಮೇಲೆ ಹತ್ತಲು ಇನ್ನೆರಡು ದಾರಿಗಳಿವೆ. ‘ಮಿಕ್ರೊ’ ಅಂದರೆ ಸಿಟಿ ಬಸ್ಸು. 612 ನಂಬರಿನದು ಅಲೆಮಾನಿಯಾ ರಸ್ತೆಯುದ್ದಕ್ಕೂ ಹೋಗುವುದರಿಂದ ಕವಿ ನೆರೂದಾ ಅವರ ಮನೆ ಲಾ ಸೆಬಾಸ್ತಿಯಾನಾ ನೋಡಲೂ ಅದೇ ಅನುಕೂಲ. ‘ಕೊಲೆಕ್ತೀವೊ’ ಅಂದರೆ ನಮ್ಮ ಶೇರ್ ಆಟೊ ಹಾಗೆ ನಿಗದಿ ದಾರಿಯಲ್ಲಿ ಓಡುವ ಕಾರು, ನಂಬರು ತಲೆಯ ಮೇಲಿನ ಬೋರ್ಡಿನಲ್ಲಿರುತ್ತದೆ. ಎರಡಕ್ಕೂ ಚಿಲ್ಲರೆ ಕೈಯಲ್ಲಿರಲಿ.

ಹಳೇ ಮನೆ, ತಗಡಿನ ಗೋಡೆ

1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ಹಡಗುಗಳು ಈ ಬಂದರನ್ನು ಬಿಟ್ಟು ಹೋದವು, ಊರಿನ ಹಣವೂ ಹೋಯಿತು. ಕೆಡವಿ ಕಟ್ಟುವಷ್ಟು ದುಡ್ಡಿಲ್ಲದ್ದರಿಂದ ಹಳೇ ಮನೆಗಳು ಉಳಿದುಕೊಂಡವು. 2003ರಲ್ಲಿ ಯುನೆಸ್ಕೊ ಹಳೇ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದಿನ ಹಾಸ್ಟೆಲ್‌ಗಳಲ್ಲಿ ಹೆಚ್ಚಿನವು ಅಂಥ ಮನೆಗಳೇ: ಮರದ ಚೌಕಟ್ಟು, ನಡುವೆ ಮಣ್ಣಿನ ಇಟ್ಟಿಗೆ, ಹೊರಗೆ ಅಲೆಅಲೆಯಾದ ತಗಡಿನ ಹೊದಿಕೆ, ಅದರ ಮೇಲೆ ಬಣ್ಣ. ಫೋಟೊದಲ್ಲಿ ಸೊಗಸು. ಮಲಗಿದಾಗ ಗೊತ್ತಾಗುತ್ತದೆ, ಶಬ್ದವನ್ನೂ ಚಳಿಯನ್ನೂ ಈ ಗೋಡೆ ತಡೆಯುವುದಿಲ್ಲ.

ಮರದ ನೆಲದ ಮೇಲೆ ಒಬ್ಬರು ನಡೆದರೆ ಕೆಳಗಿನ ಕೋಣೆಗೆ ಪೂರ್ತಿ ಕೇಳಿಸುತ್ತದೆ. ಅಡುಗೆಮನೆಯ ಕೆಳಗಿನ ಡಾರ್ಮ್ (ಹಲವರು ಒಟ್ಟಿಗೆ ಮಲಗುವ ಕೋಣೆ) ಬೇಡ, ಬಾತ್‌ರೂಮಿನ ಪಕ್ಕದ್ದೂ ಬೇಡ. ಮೇಲಿನ ಮಹಡಿ ಕೇಳಿ. ಆದರೆ ಅಲ್ಲಿ ತಗಡಿನ ಮೇಲೆ ಕಡಲಹಕ್ಕಿಗಳು ಬೆಳಕು ಹರಿಯುವಾಗಲೇ ಪರೇಡ್ ಶುರು ಮಾಡುತ್ತವೆ, ಅದಕ್ಕೆ ಇಯರ್‌ಪ್ಲಗ್ ಒಂದೇ ಮದ್ದು. ಸುಬೀದಾ ಎಕ್ವಾದೋರ್, ಸುಬೀದಾ ಕುಮ್ಮಿಂಗ್ ಎಂಬ ಏರುರಸ್ತೆಗಳು ಬಾರುಗಳ ಬೀದಿಗಳು. ಗುರುವಾರದಿಂದ ಶನಿವಾರದವರೆಗೆ ಬೆಳಗಿನ ಜಾವದ ತನಕ ಗದ್ದಲ. ಅಲ್ಲಿ ಬಾಡಿಗೆ ಕಡಿಮೆ ಇರುವುದಕ್ಕೆ ಕಾರಣ ಅದೇ. ಕುಡಿದು ಕುಣಿಯಲು ಹೋಗುವವರಿಗೆ ಬೇರೆ ಮಾತು.

ಚಳಿಯನ್ನು ಬೆಂಗಳೂರಿನವರು ಹಗುರವಾಗಿ ಎಣಿಸುತ್ತಾರೆ. ಜೂನ್‌ನಿಂದ ಆಗಸ್ಟ್ ಅಲ್ಲಿ ಚಳಿಗಾಲ, ಮಳೆಗಾಲವೂ ಅದೇ. ರಾತ್ರಿ 8-9 ಡಿಗ್ರಿ ಅಂದರೆ ಭಯಂಕರವೇನಲ್ಲ. ಆದರೆ ಒಳಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಜೊತೆಗೆ ಸಮುದ್ರದ ಥಂಡಿ. ಒಗೆದ ಜೀನ್ಸ್ ಎರಡು ದಿನವಾದರೂ ಒಣಗುವುದಿಲ್ಲ. ಸೆಂಟ್ರಲ್ ಹೀಟಿಂಗ್ ಇಲ್ಲ. ಹಾಲಿನಲ್ಲಿ ಒಂದು ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರ್ ಇಟ್ಟು ಮಲಗುವಾಗ ಆರಿಸುತ್ತಾರೆ, ಆರಿಸಲೇಬೇಕು ಕೂಡ. ಮುಚ್ಚಿದ ಡಾರ್ಮಿನೊಳಗೆ ಅಂಥ ಹೀಟರ್ ರಾತ್ರಿಯಿಡೀ ಉರಿಯುತ್ತಿದ್ದರೆ ಕೋಣೆ ಬದಲಿಸಿಕೊಳ್ಳಿ. ‘ಒತ್ರಾ ಫ್ರಸಾದಾ, ಪೊರ್ ಫಾವೊರ್’ ಅಂದರೆ ಇನ್ನೊಂದು ಕಂಬಳಿ ಕೊಡುತ್ತಾರೆ. ಬೇಸಿಗೆಯಲ್ಲೂ, ಅಂದರೆ ನಮ್ಮ ಸಂಕ್ರಾಂತಿ ಹೊತ್ತಿನಲ್ಲೂ, ಸಂಜೆಗೆ ಜಾಕೆಟ್ ಬೇಕು. ಹಂಬೋಲ್ಟ್ ಎಂಬ ತಣ್ಣನೆಯ ಸಾಗರ ಪ್ರವಾಹದಿಂದ ಕಡಲು ಯಾವಾಗಲೂ ತಣ್ಣಗಿರುತ್ತದೆ, ಬೆಳಗ್ಗೆ ಮಂಜು ಕವಿಯುತ್ತದೆ. ಫ್ಯಾನು, ಎಸಿ ಇಲ್ಲವೆಂದು ರಿವ್ಯೂ ಬರೆಯುವವರು ಅಲ್ಲಿ ಬೇಡದ್ದನ್ನು ಕೇಳುತ್ತಿದ್ದಾರೆ.

ಬಿಸಿನೀರು ಯಾಕೆ ನಿಲ್ಲುತ್ತದೆ

ಈ ಊರಿನ ಹಾಸ್ಟೆಲ್‌ಗಳ ಮೇಲೆ ಬರುವ ದೂರುಗಳಲ್ಲಿ ಅರ್ಧ ಬಿಸಿನೀರಿನದ್ದು. ಕಾರಣ ಗೊತ್ತಿದ್ದರೆ ಅದರಲ್ಲೂ ಅರ್ಧ ತಪ್ಪಿಸಬಹುದು.

ನೀರು ಕಾಯಿಸುವುದು ‘ಕಾಲೆಫೊಂತ್’, ಅಂದರೆ ಗ್ಯಾಸ್ ಗೀಸರ್. ಟ್ಯಾಂಕ್ ಇಲ್ಲ. ನೀರು ಸಾಕಷ್ಟು ರಭಸದಲ್ಲಿ ಹರಿದಾಗ ಮಾತ್ರ ಒಳಗಿನ ಡಯಾಫ್ರಾಂ ಎಂಬ ಪೊರೆ ಗ್ಯಾಸ್ ವಾಲ್ವನ್ನು ತೆರೆದು ಬೆಂಕಿ ಹತ್ತಿಕೊಳ್ಳುತ್ತದೆ. ಹರಿವು ತಗ್ಗಿತೋ, ವಾಲ್ವ್ ಮುಚ್ಚಿತು, ಬೆಂಕಿ ಆರಿತು. ಗುಡ್ಡದ ಮೇಲೆ ಒತ್ತಡ ಮೊದಲೇ ಕಡಿಮೆ. ಇನ್ನೊಂದು ಶವರ್ ತೆರೆದರೂ, ಯಾರೋ ಪಾತ್ರೆ ತೊಳೆಯಲು ನಲ್ಲಿ ಬಿಟ್ಟರೂ, ನಿಮ್ಮ ತಲೆಯ ಮೇಲೆ ಐಸ್ ನೀರು. ನೀರು ತೀರಾ ಬಿಸಿಯೆಂದು ನೀವೇ ತಣ್ಣೀರು ಜಾಸ್ತಿ ಬೆರೆಸಿ ಬಿಸಿನೀರಿನ ನಲ್ಲಿ ತಗ್ಗಿಸಿದರೂ ಅದೇ ಆಗುತ್ತದೆ. ಸರಿಯಾದ ಕ್ರಮ ಹೀಗೆ: ಬಿಸಿನೀರಿನ ನಲ್ಲಿ ಪೂರ್ತಿ ತೆರೆಯಿರಿ, ಅರ್ಧ ನಿಮಿಷ ಬಿಡಿ, ಆಮೇಲೆ ತಣ್ಣೀರು ಸ್ವಲ್ಪಸ್ವಲ್ಪವೇ ಸೇರಿಸಿ. ಆಗಲೂ ಸುಡುತ್ತಿದ್ದರೆ ಗೀಸರ್‌ನ ಉರಿ ತಗ್ಗಿಸಲು ಹಾಸ್ಟೆಲ್‌ನವರಿಗೆ ಹೇಳಿ, ನಲ್ಲಿ ತಿರುಗಿಸಬೇಡಿ. ಬೆಳಗ್ಗೆ 8ರಿಂದ 10ರ ನೂಕುನುಗ್ಗಲು ಬಿಟ್ಟು ಸ್ನಾನ ಮಾಡಿದರೆ ತೊಂದರೆಯೇ ಇಲ್ಲ.

ಬಿಸಿನೀರು ನಿಧಾನವಾಗಿ ತಣ್ಣಗಾಗುತ್ತ ಹೋಗಿ ಮತ್ತೆ ಬರಲೇ ಇಲ್ಲವೆಂದರೆ ಸಿಲಿಂಡರ್ ಖಾಲಿ. ಪೈಪ್ ಗ್ಯಾಸ್ ಇಲ್ಲದ ಮನೆಗಳಲ್ಲಿ 15 ಅಥವಾ 45 ಕಿಲೊ ಸಿಲಿಂಡರ್ ಇರುತ್ತದೆ. ರಾತ್ರಿ ಖಾಲಿಯಾದರೆ ಬದಲಿಸುವವರು ಬೆಳಗ್ಗೆ ಬರುತ್ತಾರೆ.

ಗೀಸರ್ ಎಲ್ಲಿದೆ ಎಂದು ಮೊದಲ ದಿನವೇ ನೋಡಿ. ಕಿಟಕಿಯಿಲ್ಲದ ಬಾತ್‌ರೂಮಿನ ಗ್ಯಾಸ್ ಗೀಸರ್ ಪ್ರಾಣ ತೆಗೆದ ಸುದ್ದಿ ಬೆಂಗಳೂರಿಗೆ ಹೊಸದಲ್ಲ. ಹೊರಗಿನ ವರಾಂಡದಲ್ಲೋ, ಗಾಳಿಯಾಡುವ ಅಡುಗೆಮನೆಯಲ್ಲೋ, ಹೊಗೆಕೊಳವೆ ಹೊರಗೆ ಹೋಗಿರುವಂತೆ ಇದ್ದರೆ ಸರಿ. ಸ್ನಾನದ ಕೋಣೆಯೊಳಗೇ ಇದ್ದರೆ ಆ ಹಾಸ್ಟೆಲ್‌ಗೆ ಸೊನ್ನೆ ಅಂಕ, ಉಳಿದದ್ದು ಎಷ್ಟೇ ಚೆನ್ನಾಗಿರಲಿ.

ಬಾತ್‌ರೂಮಿನ ಇನ್ನೊಂದು ವಿಷಯ. ಹೆಲ್ತ್ ಫಾಸೆಟ್ ಇರುವುದಿಲ್ಲ. ಶವರ್ ಜಾಗ ಬಿಟ್ಟರೆ ನೆಲದಲ್ಲಿ ನೀರು ಹೋಗಲು ಮೋರಿಯೂ ಇರುವುದಿಲ್ಲ. ನಮ್ಮ ಅಭ್ಯಾಸದಂತೆ ಮಗ್ಗಿನಿಂದ ಧಾರಾಳವಾಗಿ ನೀರು ಹಾಕಿದರೆ ಅದು ಮರದ ನೆಲದಲ್ಲಿ ಇಳಿದು ಕೆಳಗಿನವರ ಸೀಲಿಂಗ್‌ಗೆ ಹೋಗುತ್ತದೆ. ಅರ್ಧ ಲೀಟರಿನ ಹಿಸುಕುವ ಬಾಟಲಿ ಒಯ್ಯಿರಿ, ಸಾಕು. ಟಿಶ್ಯೂ ಪೇಪರನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕು. ಹಳೇ ಪೈಪು ಸಣ್ಣದು, ಕಟ್ಟಿಕೊಳ್ಳುತ್ತದೆ. ನಲ್ಲಿ ನೀರನ್ನು ಕುಡಿಯಬಹುದು, ಸ್ವಲ್ಪ ಗಡಸು.

ದುಡ್ಡು

ಚಿಲಿಯವರು ಪೆಸೊವನ್ನೂ ಡಾಲರ್ ಚಿಹ್ನೆಯಿಂದಲೇ ಬರೆಯುತ್ತಾರೆ, ಸಾವಿರಕ್ಕೆ ಚುಕ್ಕಿ ಹಾಕುತ್ತಾರೆ. ಗೋಡೆಯ ಮೇಲೆ $12.000 ಅಂತಿದ್ದರೆ ಅದು ಹನ್ನೆರಡು ಡಾಲರ್ ಅಲ್ಲ, ಹನ್ನೆರಡು ಸಾವಿರ ಪೆಸೊ. ಕೊನೆಯ ಒಂದು ಸೊನ್ನೆ ತೆಗೆದರೆ ಹೆಚ್ಚುಕಮ್ಮಿ ರೂಪಾಯಿ ಸಿಗುತ್ತದೆ. ಡಾರ್ಮಿನ ಹಾಸಿಗೆ ಸುಮಾರು 10,000ದಿಂದ 18,000 ಪೆಸೊ. ಡಿಸೆಂಬರ್ 31ರ ಪಟಾಕಿ ಪ್ರದರ್ಶನಕ್ಕೆ ಇಡೀ ದೇಶವೇ ಬಂದಿಳಿಯುತ್ತದೆ. ಆಗ ಬಾಡಿಗೆ ಹಲವು ಪಟ್ಟು, ಒಂದೇ ರಾತ್ರಿಗೆ ಕೊಡುವುದೂ ಇಲ್ಲ.

ಆ ದೇಶದ ವ್ಯಾಟ್ 19 ಶೇಕಡಾ. ನೋಂದಾಯಿತ ವಸತಿಗಳಲ್ಲಿ ವಿದೇಶಿ ಪ್ರವಾಸಿಗರಿಗೆ ಅದರಿಂದ ವಿನಾಯಿತಿ ಇದೆ. ಷರತ್ತು ಮೂರು: ಪಾಸ್‌ಪೋರ್ಟ್ ತೋರಿಸಬೇಕು, ದೇಶದೊಳಗೆ ಬರುವಾಗ ಇಮಿಗ್ರೇಷನ್‌ನವರು ಕೊಟ್ಟ ಪ್ರವಾಸಿ ಚೀಟಿ ತೋರಿಸಬೇಕು, ಡಾಲರ್ ನೋಟು ಅಥವಾ ವಿದೇಶಿ ಕಾರ್ಡಿನಲ್ಲಿ ಕೊಡಬೇಕು. ಪೆಸೊ ನೋಟು ಎಣಿಸಿ ಕೊಟ್ಟಿರೋ, ವಿನಾಯಿತಿ ಹೋಯಿತು. ಸಣ್ಣ ಹಾಸ್ಟೆಲ್‌ಗಳಲ್ಲಿ ಹಲವು ಈ ಸೌಲಭ್ಯಕ್ಕೆ ನೋಂದಾಯಿಸಿಕೊಂಡಿರುವುದೇ ಇಲ್ಲ. ಹಾಗಾಗಿ ಬೆಲೆ ‘ಕೊನ್ ಇವಾ’ನಾ ‘ಸಿನ್ ಇವಾ’ನಾ, ಅಂದರೆ ತೆರಿಗೆ ಸೇರಿಯೋ ಬಿಟ್ಟೋ, ಎಂದು ಮೆಸೇಜಿನಲ್ಲೇ ಕೇಳಿ ಉತ್ತರ ಉಳಿಸಿಟ್ಟುಕೊಳ್ಳಿ. ಆ ಚೀಟಿ ಕಳೆಯಬೇಡಿ, ಪಾಸ್‌ಪೋರ್ಟಿನ ಕವರಿಗೇ ಸಿಕ್ಕಿಸಿ. ಯುಪಿಐ ನಡೆಯುವುದಿಲ್ಲ. ಎಟಿಎಂಗಳು ಒಂದೊಂದು ಸಲಕ್ಕೂ ದಪ್ಪ ಶುಲ್ಕ ಹಿಡಿಯುತ್ತವೆ, ಸ್ವಲ್ಪಸ್ವಲ್ಪ ತೆಗೆಯುವುದು ದಂಡ.

ಅಡುಗೆಮನೆ

ಸಸ್ಯಾಹಾರಿಗಳಿಗೆ ಹಾಸ್ಟೆಲ್‌ನ ನಿಜವಾದ ಲಾಭ ಇರುವುದು ಇಲ್ಲೇ. ಊರಿನ ಹೆಸರಾಂತ ತಿನಿಸು ಚೊರ್ರಿಯಾನಾ ಎಂದರೆ ಆಲೂಗೆಡ್ಡೆ ಫ್ರೈ ಮೇಲೆ ಈರುಳ್ಳಿ, ಮೊಟ್ಟೆ, ದನದ ಮಾಂಸ. ‘ಸಿನ್ ಕಾರ್ನೆ’ ಅಂದರೆ ಕೆಂಪು ಮಾಂಸ ಬೇಡ ಅಂತಷ್ಟೇ ತಿಳಿದು ಕೋಳಿಯನ್ನೋ ಹ್ಯಾಮ್ ಚೂರನ್ನೋ ಹಾಕಿಕೊಡುವುದುಂಟು. ‘ಸಿನ್ ಪೊಯ್ಯೊ, ಸಿನ್ ಹಮೋನ್, ಸಿನ್ ಪೆಸ್ಕಾದೊ’ ಅಂತ ಕೋಳಿ, ಹ್ಯಾಮ್, ಮೀನು ಮೂರನ್ನೂ ಸೇರಿಸಿ ಹೇಳಬೇಕು. ಬ್ರೆಡ್ಡಿನಲ್ಲೂ ನೋಡಿಕೊಳ್ಳಿ: ದುಂಡಗಿನ ಚಪ್ಪಟೆ ‘ಅಯ್ಯೂಯ್ಯಾ’ಗೆ ಕೊಬ್ಬು ಹಾಕುತ್ತಾರೆ, ಅದು ಹಂದಿಯದ್ದೂ ಆಗಿರಬಹುದು. ನಾಲ್ಕು ಭಾಗವಾಗಿ ಮುರಿಯುವ ‘ಮರ್ರಕೇತಾ’ ಬರೀ ಹಿಟ್ಟು, ನೀರು, ಉಪ್ಪು, ಯೀಸ್ಟ್. ಅದರ ಮೇಲೆ ಬೆಣ್ಣೆಹಣ್ಣು ಕಿವುಚಿ ಉಪ್ಪು, ನಿಂಬೆರಸ ಹಾಕಿದರೆ ಬೆಳಗಿನ ತಿಂಡಿ ಆಯಿತು. ಹಾಸ್ಟೆಲ್ ಕೊಡುವ ಉಚಿತ ತಿಂಡಿ ಎಂದರೆ ಬ್ರೆಡ್ಡು, ಜ್ಯಾಮು ಮತ್ತು ಇನ್‌ಸ್ಟಂಟ್ ಕಾಫಿ ಪುಡಿ. ಫಿಲ್ಟರ್ ಕಾಫಿ ಇಲ್ಲದೆ ಕಣ್ಣು ಬಿಡದವರು ಪುಟ್ಟ ಫಿಲ್ಟರನ್ನೂ ಪುಡಿಯನ್ನೂ ಒಯ್ಯುವುದು ಲೇಸು.

ಬೇಳೆಕಾಳು, ತರಕಾರಿ 1912ರ ಕಟ್ಟಡದ ಮೆರ್ಕಾದೊ ಕಾರ್ದೊನಾಲ್ ಮಾರುಕಟ್ಟೆಯಲ್ಲಿ ಸೂಪರ್‌ಮಾರ್ಕೆಟ್‌ಗಿಂತ ಅಗ್ಗ. ತೊಗರಿಬೇಳೆ ಸಿಗುವುದಿಲ್ಲ. ‘ಆರ್ವೆಹಾಸ್ ಪಾರ್ತೀದಾಸ್’ ಎಂಬ ಒಡೆದ ಬಟಾಣಿ ಬೇಳೆಯಲ್ಲಿ ಸಾರು ಚೆನ್ನಾಗಿಯೇ ಆಗುತ್ತದೆ. ಒಂದು ಕಪ್ಪಿಗೆ ನಾಲ್ಕು ಕಪ್ಪು ನೀರು. ಕುಕ್ಕರ್ ಇರುವುದಿಲ್ಲ, ಆದ್ದರಿಂದ ಒಂದು ಗಂಟೆ ನೆನೆಸಿ, ಮುಚ್ಚಳ ಓರೆ ಇಟ್ಟು 40-45 ನಿಮಿಷ ಬೇಯಿಸಿ. ಹುಳಿ ಕೊನೆಗೇ ಹಾಕಿ, ಮೊದಲೇ ಹಾಕಿದರೆ ಬೇಯುವುದಿಲ್ಲ. ಕೊತ್ತಂಬರಿ, ಹಸಿಮೆಣಸು, ಟೊಮೇಟೊ ಧಾರಾಳ. ಮೊಸರನ್ನಕ್ಕೆ ‘ನತುರಾಲ್’ ಮತ್ತು ಸಕ್ಕರೆಯಿಲ್ಲದ್ದು ಎಂದು ಬರೆದಿರುವ ಯೋಗರ್ಟ್ ಹುಡುಕಿ. ಕೆಲವಕ್ಕೆ ಜೆಲಾಟಿನ್ ಹಾಕಿರುತ್ತಾರೆ, ಪಟ್ಟಿ ಓದಿ. ಚಿಲಿಯವರು ರಾತ್ರಿ ತಡವಾಗಿ ಅಡುಗೆಗೆ ನಿಲ್ಲುತ್ತಾರೆ. ಸಂಜೆ 6ಕ್ಕೆ ಹೋದರೆ ಒಲೆ ನಿಮ್ಮದೇ. ಹಾಸ್ಟೆಲ್ ಬಾಣಲೆಗಳಲ್ಲಿ ಮಾಂಸ ಹುರಿದಿರುತ್ತಾರೆ, ನಾನ್‌ಸ್ಟಿಕ್ ಸುಲಿದಿರುತ್ತದೆ, ಚಾಕು ಮೊಂಡು. ಒಂದೂವರೆ ಲೀಟರಿನ ಸ್ಟೀಲ್ ಪಾತ್ರೆ, ಒಂದು ಸೌಟು, ಸಣ್ಣ ಚಾಕು ಚೆಕ್-ಇನ್ ಬ್ಯಾಗಿನಲ್ಲಿ ಹಾಕಿಕೊಳ್ಳಿ. ಫ್ರಿಜ್ಜಿನಲ್ಲಿಟ್ಟದ್ದರ ಮೇಲೆ ಹೆಸರು ಮತ್ತು ಹೊರಡುವ ತಾರೀಕು ಬರೆಯಿರಿ, ತಾರೀಕಿಲ್ಲದ್ದು ಎಲ್ಲರ ಪಾಲು.

ಬೆಂಗಳೂರಿನಿಂದ ಪುಡಿ ಪೊಟ್ಟಣ ಒಯ್ಯುವವರು ಗಮನಿಸಿ: ಚಿಲಿಯ ಕೃಷಿ ತಪಾಸಣೆ ಬಲು ಬಿಗಿ. ತಿನ್ನುವುದು ಏನೇ ಇದ್ದರೂ ಘೋಷಣಾ ಪತ್ರದಲ್ಲಿ ‘ಇದೆ’ ಎಂದೇ ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ಪೊಟ್ಟಣ ತೆಗೆದುಕೊಳ್ಳುತ್ತಾರೆ, ಹೇಳದೆ ಸಿಕ್ಕಿಬಿದ್ದರೆ ದಂಡ. ಕಂಪನಿ ಪ್ಯಾಕೆಟ್ಟಿನ, ಹುರಿದು ಪುಡಿ ಮಾಡಿದ ಸಾರಿನ ಪುಡಿ, ಚಟ್ನಿಪುಡಿಗೆ ದಾಟುವ ಸಾಧ್ಯತೆ ಹೆಚ್ಚು. ಹಣ್ಣು, ಜೇನು, ಮೊಳಕೆ ಬರುವ ಕಾಳು, ಹಸಿ ಕರಿಬೇವು ಬೇಡವೇ ಬೇಡ. ಕರಿಬೇವು ನಿಂಬೆಯ ಜಾತಿ, ನಿಂಬೆ ಕಿತ್ತಳೆ ತೋಟಕ್ಕೆ ರೋಗ ಹರಡುವ ಕೀಟ ಅದರ ಎಲೆಯಲ್ಲೂ ಬದುಕುತ್ತದೆ. ಹಣ್ಣು ರಫ್ತು ಮಾಡಿ ಬದುಕುವ ದೇಶ ಅದನ್ನು ಬಿಡುವುದಿಲ್ಲ.

ಪ್ಲಗ್ಗು, ಬೀಗ, ಕೆಲಸ

ಕರೆಂಟು 220 ವೋಲ್ಟ್, ನಮ್ಮ ಉಪಕರಣಗಳಿಗೆ ತೊಂದರೆಯಿಲ್ಲ. ಸಾಕೆಟ್ಟಿನಲ್ಲಿ ಒಂದೇ ಸಾಲಿನಲ್ಲಿ ಮೂರು ಸಣ್ಣ ರಂಧ್ರ. 4 ಮಿ.ಮೀ. ತೆಳ್ಳನೆ ಕಡ್ಡಿಯ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ನೇರವಾಗಿ ಹೋಗುತ್ತದೆ. 5 ಮಿ.ಮೀ. ದಪ್ಪ ಕಡ್ಡಿಯದ್ದೂ, ಲ್ಯಾಪ್‌ಟಾಪಿನ ಮೂರು ಪಿನ್ನಿನದ್ದೂ ಹೋಗುವುದಿಲ್ಲ. ಎಸ್‌ಪಿ ರೋಡಿನಲ್ಲಿ ಅಡಾಪ್ಟರ್ ಕೊಳ್ಳುವಾಗ ‘ಯುರೋಪ್ ಪಿನ್’ ಅಂತಷ್ಟೇ ಕೇಳಬೇಡಿ. ಜರ್ಮನ್ ಮಾದರಿಯ ದಪ್ಪ ಪಿನ್ (4.8 ಮಿ.ಮೀ.) ಕೊಟ್ಟುಬಿಡುತ್ತಾರೆ, ಅದು ಅಲ್ಲಿ ತೂರುವುದಿಲ್ಲ. ಬಂಕಿಗೆ ಒಂದೇ ಸಾಕೆಟ್ ಇರುವುದರಿಂದ ಒಂದು ಸಣ್ಣ ಎಕ್ಸ್‌ಟೆನ್ಷನ್ ಜೊತೆಗಿರಲಿ.

ಲಾಕರ್ ಇರುತ್ತದೆ, ಬೀಗ ನಿಮ್ಮದು. 40 ಮಿ.ಮೀ. ಬೀಗ ಹೆಚ್ಚಿನ ಕೊಂಡಿಗೆ ಸರಿಹೊಂದುತ್ತದೆ. ಲಾಕರ್ ಅಳತೆ ಕೇಳಿಕೊಳ್ಳಿ, ಕೆಲವಲ್ಲಿ ಪಾಸ್‌ಪೋರ್ಟೂ ಲ್ಯಾಪ್‌ಟಾಪೂ ಹಿಡಿಸಿದರೆ ಹೆಚ್ಚು.

ಅಲ್ಲಿಂದ ಬೆಂಗಳೂರಿನ ಆಫೀಸ್ ಕೆಲಸ ಮಾಡುತ್ತೇನೆ ಅನ್ನುವವರಿಗೆ: ನಮ್ಮ ಬೆಳಗ್ಗೆ 10ರ ಮೀಟಿಂಗು ಅಲ್ಲಿ ಬೇಸಿಗೆಯಲ್ಲಿ ರಾತ್ರಿ 1.30, ಚಳಿಗಾಲದಲ್ಲಿ 12.30. ಡಾರ್ಮಿನಲ್ಲಿ ಅದು ಆಗದ ಮಾತು. ರಾತ್ರಿ ಬಾಗಿಲು ಹಾಕದ ಕಾಮನ್ ರೂಮ್ ಇರುವ ಕಡೆ ಹೋಗಿ, ಇಲ್ಲವೇ ಸಿಂಗಲ್ ರೂಮ್ ಹಿಡಿಯಿರಿ.

ಕತ್ತಲು, ಬೆಂಕಿ, ಭೂಕಂಪ

ಫೋನ್ ಕಿತ್ತುಕೊಂಡು ಮೆಟ್ಟಿಲಲ್ಲಿ ಓಡುವುದು ಇಲ್ಲಿನ ಮಾಮೂಲಿ ಕಳ್ಳತನ. ಬಟ್ಟೆಗೆ ಏನೋ ಬಿದ್ದಿದೆ ಎಂದು ಒಬ್ಬ ಒರೆಸಲು ಬಂದರೆ ಇನ್ನೊಬ್ಬ ಬ್ಯಾಗಿನ ಹತ್ತಿರ ಇರುತ್ತಾನೆ, ನಿಲ್ಲದೆ ನಡೆದುಬಿಡಿ. ಪ್ಲಾಸಾ ಎಚೌರ್ರೆನ್ ಸುತ್ತಿನ ಹಳೇ ಬಂದರು ಭಾಗ ಮತ್ತು ಬಸ್ ನಿಲ್ದಾಣದ ಬೀದಿಗಳು ಅಂಗಡಿ ಮುಚ್ಚಿದ ಮೇಲೆ ಖಾಲಿ ಹೊಡೆಯುತ್ತವೆ. ಅಗ್ಗದ ಹಾಸ್ಟೆಲ್ ಅಲ್ಲಿ ಹಿಡಿದು, ರಾತ್ರಿ ಊಟಕ್ಕೆ ಗುಡ್ಡಕ್ಕೆ ಟ್ಯಾಕ್ಸಿ ಮಾಡಿ ಹೋಗಿ ಬಂದರೆ ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ. ಕತ್ತಲಾದ ಮೇಲೆ ಮೆಟ್ಟಿಲ ದಾರಿ ಬಿಟ್ಟು ವಾಹನ ಓಡಾಡುವ ರಸ್ತೆಯಲ್ಲೇ ಬನ್ನಿ. ಪ್ಲಾಸಾ ಅನಿಬಾಲ್ ಪಿಂತೊದಿಂದ ಅಲ್ಮಿರಾಂತೆ ಮೊಂತ್ ರಸ್ತೆ ಹತ್ತುವುದು ಕೊನ್ಸೆಪ್ಸಿಯೊನ್ ಕಡೆಯವರಿಗೆ ಒಳ್ಳೆಯ ದಾರಿ.

ಮರದ ಮನೆಗಳ ಊರಿಗೆ ಬೆಂಕಿಯ ಭಯ ಸುಮ್ಮನೆ ಅಲ್ಲ. 2014ರ ಏಪ್ರಿಲ್‌ನಲ್ಲಿ ಮೇಲಿನ ಗುಡ್ಡಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಹಾಸ್ಟೆಲ್‌ಗೆ ಎರಡನೇ ಬಾಗಿಲಿದೆಯಾ, ಕೆಳಗಿನ ಕಿಟಕಿಗೆ ಕಬ್ಬಿಣದ ಸರಳು ಬಿಗಿದಿದ್ದಾರಾ, ರಾತ್ರಿ ಮುಂಬಾಗಿಲಿಗೆ ಒಳಗಿನಿಂದ ಕೀಲಿ ಬೇಕಾ, ಈ ಮೂರು ನೋಡಿಕೊಂಡು ಮಲಗಿ. ಭೂಕಂಪದ ನಡುಕ ಅಲ್ಲಿ ಆಗಾಗ ಇದ್ದದ್ದೇ, ಸ್ಥಳೀಯರು ಕಾಫಿ ಲೋಟ ಹಿಡಿದುಕೊಂಡೇ ಕೂತಿರುತ್ತಾರೆ. ನಿಲ್ಲಲಾಗದಷ್ಟು ಜೋರಾಗಿ ಅಲುಗಿದರೆ ಅಥವಾ ಫೋನಿಗೆ ಸುನಾಮಿ ಎಚ್ಚರಿಕೆ ಬಂದರೆ ಸಮತಟ್ಟಿನಲ್ಲಿದ್ದವರು ಬೋರ್ಡಿನ ಬಾಣ ಹಿಡಿದು 30 ಮೀಟರ್ ಎತ್ತರಕ್ಕೆ ಹತ್ತಬೇಕು. ಗುಡ್ಡದ ಹಾಸ್ಟೆಲ್ ಹಿಡಿದವರಿಗೆ ಇದೊಂದು ತಲೆನೋವು ಇಲ್ಲ. ಆಂಬುಲೆನ್ಸ್ 131, ಅಗ್ನಿಶಾಮಕ 132, ಪೊಲೀಸ್ 133.

ಹೋಗುವುದು, ಬರುವುದು

ಸಾಂತಿಯಾಗೊ ವಿಮಾನ ನಿಲ್ದಾಣದಿಂದ ರಾಜಧಾನಿಯ ಒಳಕ್ಕೆ ಹೋಗುವ ಅಗತ್ಯವಿಲ್ಲ. ಏರ್‌ಪೋರ್ಟ್ ಬಸ್ಸಿನಲ್ಲಿ ಪಹಾರೀತೊಸ್ ಮೆಟ್ರೊ ನಿಲ್ದಾಣಕ್ಕೆ ಬಂದು ಇಳಿದರೆ ಅಲ್ಲಿಂದಲೇ ವಾಲ್ಪರೈಸೊಗೆ ಬಸ್ಸುಗಳು ಒಂದರ ಹಿಂದೊಂದು. ದೂರ ಸುಮಾರು 120 ಕಿ.ಮೀ., ಒಂದೂವರೆ ಗಂಟೆಯಿಂದ ಎರಡು ಗಂಟೆ. ಬೆಂಗಳೂರಿನಿಂದ ಮೂವತ್ತು ಗಂಟೆಗೂ ಮೀರಿದ ಪ್ರಯಾಣ ಮುಗಿಸಿ ಬರುವವರು ಕತ್ತಲಾದ ಮೇಲೆ ತಲುಪುವಂತಿದ್ದರೆ ಮೊದಲ ರಾತ್ರಿ ಸಾಂತಿಯಾಗೊದಲ್ಲೇ ಕಳೆಯಲಿ. ವಾಲ್ಪರೈಸೊ ನಿಲ್ದಾಣದಿಂದ ಕೊನ್ಸೆಪ್ಸಿಯೊನ್ ಗುಡ್ಡ ಎರಡು ಕಿ.ಮೀ. ಮೇಲೆ, ಬ್ಯಾಗಿದ್ದರೆ ನಿಲ್ದಾಣದ ಒಳಗೆ ನಿಂತೇ ಆ್ಯಪ್‌ನಲ್ಲಿ ಕ್ಯಾಬ್ ಕರೆಯಿರಿ.

ಹೊರಡುವ ದಿನ ಭಾನುವಾರ ಸಂಜೆ ಆಗದಂತೆ ನೋಡಿಕೊಳ್ಳಿ. ವಾರಾಂತ್ಯಕ್ಕೆ ಬಂದ ಸಾಂತಿಯಾಗೊದವರೆಲ್ಲ ಆಗಲೇ ಮರಳುವುದರಿಂದ ಟಿಕೆಟ್ಟೂ ಸಿಗುವುದಿಲ್ಲ, 68ನೇ ಹೆದ್ದಾರಿಯೂ ಕಟ್ಟಿಕೊಳ್ಳುತ್ತದೆ. ಸೋಮವಾರ ಬೆಳಗ್ಗೆ ಹೊರಡಿ. ನೆರೂದಾ ಮನೆ ಸೋಮವಾರ ತೆರೆಯುವುದಿಲ್ಲ, ಅದನ್ನು ಮಾತ್ರ ಮುಂಚೆಯೇ ನೋಡಿ ಮುಗಿಸಿರಿ. ಚೆಕ್-ಔಟ್ ಆದ ಮೇಲೆ ಬ್ಯಾಗು ಹಾಸ್ಟೆಲ್‌ನಲ್ಲೇ ಬಿಡುವುದಕ್ಕಿಂತ ನಿಲ್ದಾಣದ ‘ಕುಸ್ತೋದಿಯಾ’ ಕೌಂಟರಿಗೆ ಕೊಟ್ಟರೆ ಮತ್ತೊಮ್ಮೆ ಗುಡ್ಡ ಹತ್ತುವುದು ತಪ್ಪುತ್ತದೆ.